ಜೇನು-ನಿಂಬೆ ಟೀ: ಮಾಡುವ ಕ್ರಮ, ಗುಣ ಮತ್ತು ಮಿತಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಲ, ಷೇರು, ಡಿವಿಡೆಂಡಿನ ಮಾತು ಬೆಳಗಿನಿಂದ ಬೇಕಾದಷ್ಟು ಆಗಿದೆ. ನನ್ನ ಪಾಲಿಗೆ ಬಂದಿರುವುದು ಅಡುಗೆಮನೆಯ ವಿಷಯ. ನಮ್ಮ ಹಿತ್ತಲಲ್ಲಿ ನಿಂಬೆ, ಗಜನಿಂಬೆ, ಹೇರಳೆ ಇವೆ. ಕೆಲವರ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಯೂ ಇದೆ. ಇವೆರಡನ್ನೂ ಸೇರಿಸಿ ಟೀ ಮಾಡುವುದು ಬಹಳ ಸುಲಭ.

ಒಂದು ಲೋಟ ನೀರು ಕುದಿಸಿ. ಜಜ್ಜಿದ ಶುಂಠಿ ಬೇಕಾದರೆ ಆಗಲೇ ಹಾಕಿ. ಒಲೆ ಆರಿಸಿದ ಮೇಲೆ ಕಾಲು ಚಮಚ ಟೀಪುಡಿ ಹಾಕಿ ಎರಡು ನಿಮಿಷ ಮುಚ್ಚಿಟ್ಟು ಸೋಸಿ. ಲೋಟ ಕೈಯಲ್ಲಿ ಹಿಡಿಯುವಷ್ಟು ಆರಿದಾಗ ಅರ್ಧ ನಿಂಬೆಹಣ್ಣಿನ ರಸ, ಒಂದು ಚಮಚ ಜೇನು ಬೆರೆಸಿ. ಹಾಲು ಹಾಕಬೇಡಿ, ಒಡೆದುಹೋಗುತ್ತದೆ. ಹುಳಿ ಇರುವುದರಿಂದ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆ ಬೇಡ. ಸ್ಟೀಲಿನದೇ ಸಾಕು. ಮಕ್ಕಳಿಗಾದರೆ ಟೀಪುಡಿ ಬಿಟ್ಟು ಬರೀ ಬಿಸಿನೀರಲ್ಲಿ ಮಾಡಿ.

ಜೇನನ್ನು ಕುದಿಸಬಾರದು ಅಂತ ನಮ್ಮ ಆಯುರ್ವೇದವೂ ಹೇಳುತ್ತದೆ. ಕುದಿಸಿದರೆ ಜೇನಿನ ಪರಿಮಳವೂ ಹೋಗುತ್ತದೆ, ಅದರಲ್ಲಿರುವ ಕಿಣ್ವಗಳೂ ಕೆಡುತ್ತವೆ. ನಿಂಬೆಯ ಸಿ ಜೀವಸತ್ವಕ್ಕೂ ಹೆಚ್ಚು ಬಿಸಿ ಆಗಿಬರುವುದಿಲ್ಲ. ಅದಕ್ಕೇ ಎರಡನ್ನೂ ಕೊನೆಯಲ್ಲಿ ಹಾಕುವುದು.

ಇನ್ನು ಗುಣದ ಮಾತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾಪಡೆಯ ವೈದ್ಯ, ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪಥ್ಯ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಅದು ಸಿ ಜೀವಸತ್ವದ ಮಹಿಮೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ಮೈ ಹೀರಿಕೊಳ್ಳುವುದಕ್ಕೂ ಇದೇ ಸಹಾಯ ಮಾಡುತ್ತದೆ. ಆದರೆ ಟೀಪುಡಿಯ ಒಗರು ಅದಕ್ಕೆ ಅಡ್ಡಿ. ಆದ್ದರಿಂದ ರಕ್ತಹೀನತೆ ಇರುವ ಹೆಣ್ಣುಮಕ್ಕಳು ಊಟದ ಜೊತೆ ಟೀ ಕುಡಿಯದೆ, ಒಂದು ಗಂಟೆ ಬಿಟ್ಟು ಕುಡಿಯಲಿ. ನಿಂಬೆರಸವನ್ನು ಸಾರು-ಪಲ್ಯಕ್ಕೇ ಹಿಂಡಿಕೊಳ್ಳಲಿ.

ಜೇನು ಗಂಟಲಿಗೆ ಹಿತ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ, ಮಕ್ಕಳ ಕೆಮ್ಮು-ಶೀತದ ಔಷಧಿಗಳ ವರದಿಯೂ ಇದನ್ನು ಒಪ್ಪಿದೆ. ಆದರೆ ಶೀತವನ್ನೇ ಓಡಿಸಿಬಿಡುತ್ತದೆ, ಬೊಜ್ಜು ಕರಗಿಸುತ್ತದೆ ಎನ್ನುವುದೆಲ್ಲ ಹೆಚ್ಚಾಯಿತು. ಜೇನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆ ಇದ್ದವರು "ಜೇನು ತಾನೇ" ಅಂತ ಸುರಿದುಕೊಳ್ಳಬಾರದು. ಎದೆಯುರಿ, ಹುಳಿತೇಗು ಇರುವವರು ಖಾಲಿ ಹೊಟ್ಟೆಯಲ್ಲಿ ಕುಡಿಯದಿರುವುದು ಒಳ್ಳೆಯದು.

ತಾಯಂದಿರೇ, ಎರಡು ಮಾತನ್ನು ಮನಸ್ಸಿಟ್ಟು ಕೇಳಿ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮಲ್ಲಿದೆ. ಒಂದು ವರ್ಷ ತುಂಬುವವರೆಗೆ ಇದು ಖಂಡಿತ ಬೇಡ. ಜೇನಿನಲ್ಲಿ ಒಮ್ಮೊಮ್ಮೆ ಬೊಟುಲಿಸಂ ಎಂಬ ರೋಗದ ಬೀಜಾಣು ಇರುತ್ತದೆ. ಅದು ಎಳೆಗರುಳಿನಲ್ಲಿ ಬೆಳೆದು ವಿಷವಾಗಿ, ಮಗುವಿನ ಮೈ ಸೋತು ಉಸಿರಿಗೇ ಸಂಚಕಾರ ಬರಬಹುದು. ಮನೆಯ ಶುದ್ಧ ಜೇನಾದರೂ ಅಷ್ಟೇ. ಹಿರಿಯರು ಬೇಸರಪಟ್ಟರೂ ಪರವಾಗಿಲ್ಲ, ಬಿಡಿಸಿ ಹೇಳಿ. ಮೊದಲ ಆಹಾರ ತಾಯಿಯ ಗಿಣ್ಣುಹಾಲೇ ಆಗಲಿ.

ಎರಡನೆಯದು, ಎರಡು ವಾರ ದಾಟಿದ ಕೆಮ್ಮು. ಆಗ ಜೇನು, ಶುಂಠಿ, ಕಷಾಯ ಅಂತ ದಿನ ದೂಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಪರೀಕ್ಷೆಯೂ ಔಷಧಿಯೂ ಉಚಿತ. ತಡ ಮಾಡಿದಷ್ಟೂ ಮನೆಮಂದಿಗೆಲ್ಲ ಹರಡುವ ಭಯ.

ನೆಗಡಿಯ ದಿನಕ್ಕೆ ಒಂದು ಲೋಟ ಜೇನು-ನಿಂಬೆ ಟೀ, ಕಾಯಿಲೆಗೆ ಡಾಕ್ಟರು. ಇಷ್ಟು ವಿವೇಕ ನಮ್ಮಲ್ಲಿ ಇರಲಿ. ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ, ನನ್ನ ನಾಲ್ಕು ಮಾತು ಮುಗಿಸುತ್ತೇನೆ.