ನಿಮ್ಮದೊಂದು ಹಾಡಿ

ಈ ನಾಡಿನಲ್ಲಿ ಸಂಗೀತ ಕಲಿಯಲು ಕೂತ ಮಗು ಮೊದಲು ಹಾಡುವುದು ಮಾಯಾಮಾಳವಗೌಳದ ಸರಳೆವರಸೆ. ಆಮೇಲೆ ಜಂಟಿವರಸೆ, ಅಲಂಕಾರ, ಅದಾದ ಮೇಲೆ ಮಲಹರಿಯ ಪಿಳ್ಳಾರಿ ಗೀತೆ. ಚೆನ್ನೈಯಲ್ಲಿ ಕಲಿಯುವ ಮಗುವೂ ಹೀಗೇ ಶುರುಮಾಡುತ್ತದೆ, ವಿಜಯವಾಡದ ಮಗುವೂ ಹೀಗೇ, ಕಡಲಾಚೆ ನ್ಯೂಜೆರ್ಸಿಯಲ್ಲಿ ರಜೆಯ ದಿನ ಪಾಠಕ್ಕೆ ಹೋಗುವ ಮಗುವೂ ಹೀಗೇ. ಕರ್ನಾಟಕ ಸಂಗೀತಕ್ಕೆ ಈ ಮೆಟ್ಟಿಲು ಕಟ್ಟಿಕೊಟ್ಟವರು ನಮ್ಮ ಪುರಂದರದಾಸರು ಎಂದು ಸಂಗೀತಲೋಕ ಕೈಮುಗಿದು ಒಪ್ಪಿಕೊಂಡಿದೆ. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಬೀದಿಯಲ್ಲಿ ನಿಂತು ಅವರು ಹಾಡಿದ್ದು ತಮ್ಮದೇ ಹಾಡನ್ನು.

ಅಂಥವರ ಮನೆಯ ಮಕ್ಕಳು ನಾವು. ಹತ್ತು ವರ್ಷ ಪಾಠವಾಗಿದೆ. ಜೂನಿಯರ್ ಮುಗಿದಿದೆ, ಸೀನಿಯರ್ ಮುಗಿದಿದೆ, ನಿಮ್ಮಲ್ಲಿ ಕೆಲವರದು ವಿದ್ವತ್ತೂ ಆಗಿದೆ. ಇಪ್ಪತ್ತು ವರ್ಣ, ನೂರು ಕೃತಿ ಬಾಯಲ್ಲಿವೆ. ತ್ಯಾಗರಾಜರದು ಇಷ್ಟು, ದೀಕ್ಷಿತರದು ಇಷ್ಟು, ಶ್ಯಾಮಾಶಾಸ್ತ್ರಿಗಳದು ಇಷ್ಟು ಎಂದು ಬೆರಳು ಮಡಚಿ ಎಣಿಸುತ್ತೀರಿ. ಹಾಗಾದರೆ ಹೇಳಿ.

ನಿಮ್ಮದು ಎಷ್ಟು?

ಇಲ್ಲ ಎನ್ನಬೇಡಿ. ಇದೆ ಎಂದು ನನಗೆ ಗೊತ್ತು. ಸಂಗೀತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ, ಪೆನ್ಸಿಲ್ಲಿನಲ್ಲಿ ಬರೆದ ನಾಲ್ಕು ಸಾಲು, ಅದರ ಮೇಲೆ ಪುಟ್ಟ ಅಕ್ಷರದ ಸ್ವರ, ಅಲ್ಲಲ್ಲಿ ರಬ್ಬರು ಹಾಕಿ ಉಜ್ಜಿದ ಗುರುತು. ಬಸ್ಸಿನಲ್ಲಿ ಕೂತಾಗ ಹೊಳೆದದ್ದನ್ನು ಮರೆಯುವ ಮುಂಚೆ ಎಂದು ಫೋನಿಗೆ ಮೆಲ್ಲನೆ ಗುನುಗಿ ಇಟ್ಟ ಅರ್ಧ ನಿಮಿಷದ ಪಲ್ಲವಿ. ಯಾರಿಗೂ ಕಳಿಸಿಲ್ಲ, ಯಾರಿಗೂ ಹಾಡಿಲ್ಲ. ಏಕೆ? ‘ನಾನು ಯಾವ ದೊಡ್ಡ ವಾಗ್ಗೇಯಕಾರ’ ಎಂಬ ಸಂಕೋಚ. ‘ನಕ್ಕುಬಿಟ್ಟರೆ’ ಎಂಬ ಅಳುಕು. ಈ ಸಂಕೋಚದಲ್ಲಿ, ಈ ಅಳುಕಿನಲ್ಲಿ ಎಷ್ಟು ಕೀರ್ತನೆ, ಎಷ್ಟು ತಿಲ್ಲಾನ, ಎಷ್ಟು ದೇವರನಾಮ ಈ ನಾಡಿನ ಹಳೆಯ ನೋಟ್‌ಬುಕ್ಕುಗಳ ಜೊತೆ ರದ್ದಿಗೆ ಹೋಗಿರಬಹುದು, ಯೋಚಿಸಿ ನೋಡಿ!

ಇಂದು ನಾವು ಹಾರ ಹಾಕಿ ಪೂಜಿಸುವ ಪ್ರತಿಯೊಂದು ಕೃತಿಯೂ ಒಂದು ದಿನ ಹೊಸದಾಗಿತ್ತು. ಅದನ್ನು ಕಟ್ಟಿದವರಿಗೂ ಒಂದು ಕಾಲದಲ್ಲಿ ಇಪ್ಪತ್ತು ವಯಸ್ಸಾಗಿತ್ತು. ಮೈಸೂರು ಸದಾಶಿವರಾಯರ ವಿಷಯದಲ್ಲಿ ಒಂದು ಕಥೆ ಪರಂಪರೆಯಲ್ಲಿ ಬಂದಿದೆ. ಅವರ ಗುರು ವಾಲಾಜಪೇಟೆ ವೆಂಕಟರಮಣ ಭಾಗವತರು ತ್ಯಾಗರಾಜರ ನೇರ ಶಿಷ್ಯರು. ತ್ಯಾಗರಾಜರು ವಾಲಾಜಪೇಟೆಗೆ ಬಂದಾಗ ಸದಾಶಿವರಾಯರು ತೋಡಿಯಲ್ಲಿ ತಾವೇ ಕಟ್ಟಿದ ಒಂದು ಕೃತಿಯನ್ನು ಅವರೆದುರು ಹಾಡಿದರಂತೆ, ಆ ಹಿರಿಯರು ಕೇಳಿ ಹರಸಿದರಂತೆ. ಕಲ್ಪಿಸಿಕೊಳ್ಳಿ. ಎದುರಿಗೆ ಕೂತವರು ಸಾಕ್ಷಾತ್ ತ್ಯಾಗರಾಜರು! ಆ ಶಿಷ್ಯನ ಗಂಟಲು ಒಣಗಿರಲಿಲ್ಲವೇ? ಕೈ ನಡುಗಿರಲಿಲ್ಲವೇ? ನಡುಗಿರಬಹುದು. ಆದರೂ ಹಾಡಿದರು.

ಇನ್ನು ಮೈಸೂರು ವಾಸುದೇವಾಚಾರ್ಯರು. ಅರಮನೆಯ ಸಹಾಯ ಪಡೆದು ತಿರುವೈಯಾರಿಗೆ ಹೋಗಿ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಯಲ್ಲಿ ಗುರುಕುಲವಾಸ ಮಾಡಿದರು. ಆ ಗುರು ತಾವೇ ವಾಗ್ಗೇಯಕಾರರು, ಕದನಕುತೂಹಲವೆಂಬ ಹೊಸ ರಾಗ ಕೊಟ್ಟವರು. ಕೃತಿ ಹುಟ್ಟುವ ಮನೆಯಲ್ಲಿ ಇದ್ದವನಿಗೆ ಕೃತಿ ಕಟ್ಟುವುದು ದೇವಲೋಕದ ಕೆಲಸವೆಂದು ತೋರುವುದಿಲ್ಲ, ಅಡುಗೆಮನೆಯಲ್ಲಿ ಬೆಳೆದ ಮಗುವಿಗೆ ಒಲೆಯ ಭಯ ಇರುವುದಿಲ್ಲ ನೋಡಿ, ಹಾಗೆ. ನಮಗೆ ಇಂದು ಬೇಕಾಗಿರುವುದು ಅಂಥ ಮನೆ. ಗುರುಕುಲ ಸಿಗದಿದ್ದರೆ ಬೇಡ. ನಾಲ್ಕು ಜನ ಸ್ನೇಹಿತರು ಸೇರಿದರೆ ಆ ಮನೆ ಆಗುತ್ತದೆ.

ಅಂಥದೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೈಸೂರಿನ ಒಂದು ಹಳೆಯ ಮನೆಯ ಜಗಲಿ, ಭಾನುವಾರದ ಸಂಜೆ. ಐದು ಜನ. ಒಬ್ಬಳು ಇಂಜಿನಿಯರಿಂಗ್ ಓದುತ್ತಿದ್ದಳು, ಒಬ್ಬ ಬ್ಯಾಂಕಿನ ಗುಮಾಸ್ತ, ಇಬ್ಬರು ಕಾಲೇಜು ಹುಡುಗರು, ಒಬ್ಬರು ಹೈಸ್ಕೂಲಿನ ಕನ್ನಡ ಮೇಷ್ಟರು. ಆ ಹುಡುಗಿ ಶ್ರುತಿಪೆಟ್ಟಿಗೆ ಹಚ್ಚಿ ತನ್ನ ಕೀರ್ತನೆ ಹಾಡಿದಳು. ಮೋಹನಕಲ್ಯಾಣಿ, ಆದಿತಾಳ, ಕಾವೇರಿಯ ಮೇಲೆ. ಪಲ್ಲವಿ ಚೆನ್ನಾಗಿಯೇ ಬಂತು. ಅನುಪಲ್ಲವಿಯಲ್ಲಿ ತಾರಷಡ್ಜಕ್ಕೆ ಏರುವಾಗ ‘ಗಮಪ’ ಎಂದು ಹತ್ತಿದಳು. ಗುಮಾಸ್ತ ಮೆಲ್ಲನೆ ಬೆರಳೆತ್ತಿದ.

“ಅಕ್ಕ, ಅಲ್ಲಿ ಕಲ್ಯಾಣಿ ಬಂದುಬಿಡ್ತು.”

ಅವನು ಹೇಳಿದ್ದು ಸರಿ. ಮೋಹನಕಲ್ಯಾಣಿಯ ಆರೋಹಣ ಪೂರ್ತಿ ಮೋಹನದ್ದು, ಮಧ್ಯಮಕ್ಕೆ ಅಲ್ಲಿ ಪ್ರವೇಶವಿಲ್ಲ. ಮಧ್ಯಮ, ನಿಷಾದ ಎರಡೂ ಇಳಿಯುವಾಗ ಮಾತ್ರ. ಅವಳು ಮರುಮಾತಾಡದೆ ‘ಗಪದ’ ಎಂದು ಹಾಡಿನೋಡಿದಳು. ಮಧ್ಯಮವನ್ನು ಏರುವಾಗ ಕಾಯ್ದಿಟ್ಟದ್ದಕ್ಕೆ, ಇಳಿಯುವಾಗ ಅದು ಬಂದಾಗ ಮೈ ಜುಮ್ಮೆಂದಿತು.

ಆಮೇಲೆ ಮೇಷ್ಟರ ಸರದಿ. ಪಲ್ಲವಿ ‘ಹರಿವ ನೀರೆ’ ಎಂದು ಶುರುವಾಗಿತ್ತು, ಅನುಪಲ್ಲವಿ ‘ಬೆಟ್ಟದ ಮಡಿಲಲಿ’ ಎಂದು. “ಅಮ್ಮ, ಎರಡನೆಯ ಅಕ್ಷರದ ಪ್ರಾಸ ಕೂಡಲಿಲ್ಲ. ಹರಿವ ಅಂದಮೇಲೆ ಗಿರಿಯ ಅಂತ ಇಡಬಹುದಲ್ಲ?” ಬೆಟ್ಟ ಹೋಗಿ ಗಿರಿ ಬಂತು. ಒಂದು ಮಾತ್ರೆ ಕಡಿಮೆಯಾಯಿತು. ಆ ಒಂದು ಮಾತ್ರೆಯ ಜಾಗದಲ್ಲಿ ಗಾಂಧಾರದ ಮೇಲೆ ನಿಲ್ಲಲು ಅವಳಿಗೆ ತಾವು ಸಿಕ್ಕಿತು. ಕೀರ್ತನೆ ನಮ್ಮ ಕಣ್ಣೆದುರೇ ಬೆಳೆಯಿತು. ಕೊನೆಗೆ ಐದೂ ಜನ ಕೂಡಿ ತಾಳ ಹಾಕಿಕೊಂಡು ಹಾಡಿದಾಗ, ಅರ್ಧ ಗಂಟೆಯ ಹಿಂದೆ ಒಬ್ಬಳ ಎದೆಯಲ್ಲಿ ಅಡಗಿದ್ದದ್ದು ಆ ಬೀದಿಯ ತುದಿಯವರೆಗೂ ಕೇಳಿಸಿತು.

ತಪ್ಪು ತೋರಿಸಿದವನ ಮೇಲೆ ಆ ಹುಡುಗಿ ಸಿಟ್ಟಾಗಲಿಲ್ಲ. ಅದು ಸಣ್ಣ ಮಾತೇನಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ವಾಗ್ಗೇಯಕಾರನ ಲಕ್ಷಣ ಹೇಳುತ್ತಾನೆ. ವ್ಯಾಕರಣ ಗೊತ್ತಿರಬೇಕು, ಛಂದಸ್ಸು ಗೊತ್ತಿರಬೇಕು, ಲಯತಾಳ ಗೊತ್ತಿರಬೇಕು ಎಂಬ ಪಟ್ಟಿಯಲ್ಲೇ ರೋಷದ್ವೇಷಗಳನ್ನು ಬಿಟ್ಟಿರಬೇಕು ಎಂಬುದನ್ನೂ ಸೇರಿಸಿದ್ದಾನೆ. ರಾಗತಾಳಗಳ ಸಾಲಿನಲ್ಲಿ ರೋಷಕ್ಕೇನು ಕೆಲಸ ಎಂದು ಓದುವಾಗ ನನಗೆ ಅಚ್ಚರಿಯಾಗಿತ್ತು. ಆ ಜಗಲಿಯ ಮೇಲೆ ಕೂತಮೇಲೆ ಅರ್ಥವಾಯಿತು. ಸಿಟ್ಟು ಮಾಡಿಕೊಳ್ಳುವವನು ಕಲಿಯಲಾರ. ಹೊಟ್ಟೆಕಿಚ್ಚು ಇಟ್ಟುಕೊಂಡವನು ಕಲಿಸಲಾರ. ಅದೇ ಪಟ್ಟಿಯಲ್ಲಿ ಇನ್ನೊಂದು ಮಾತಿದೆ, ಅನುಚ್ಛಿಷ್ಟೋಕ್ತಿ. ಎಂಜಲಲ್ಲದ ಮಾತು! ಇನ್ನೊಬ್ಬರು ಆಡಿ ಬಿಟ್ಟದ್ದನ್ನೇ ಆಡಬಾರದು, ಹೊಸ ಧಾತುವನ್ನು ಹುಟ್ಟಿಸಬೇಕು ಎಂದು ಸಂಗೀತಶಾಸ್ತ್ರವೇ ಬಾಯಿಬಿಟ್ಟು ಕೇಳುತ್ತಿರುವಾಗ, ಶಾಸ್ತ್ರೀಯತೆಯ ಹೆಸರು ಹೇಳಿ ನಾವು ಹೊಸದಕ್ಕೆ ಹೆದರುವುದೇ?

ದುಡಿಮೆ ಬೇರೆ, ಓದು ಬೇರೆ, ಇದಕ್ಕೆ ಪುರುಸೊತ್ತೆಲ್ಲಿ ಎನ್ನುತ್ತೀರಾ? ಹಾಗಾದರೆ ಈ ಐದು ಜನರ ಕಥೆ ಕೇಳಿ.

1860ರ ದಶಕ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್. ಬೊರೊಡಿನ್ ರಸಾಯನಶಾಸ್ತ್ರದ ಪ್ರಾಧ್ಯಾಪಕ. ಕ್ಯುಯಿ ಸೈನ್ಯದಲ್ಲಿ ಕೋಟೆಕೊತ್ತಲ ಕಟ್ಟುವ ವಿದ್ಯೆಯ ಇಂಜಿನಿಯರ್. ಮುಸೋರ್ಗ್‌ಸ್ಕಿ ಸೈನ್ಯ ಬಿಟ್ಟು ಸರ್ಕಾರಿ ಕಚೇರಿಯಲ್ಲಿ ಕಡತ ನೋಡುತ್ತಿದ್ದವನು. ರಿಮ್‌ಸ್ಕಿ-ಕೊರ್ಸಕೋವ್ ನೌಕಾಪಡೆಯ ಹುಡುಗ. ಸಂಗೀತವನ್ನೇ ನಂಬಿ ಬದುಕುತ್ತಿದ್ದವನು ಬಾಲಕಿರೆವ್ ಒಬ್ಬನೇ. ಇವರು ಒಬ್ಬರ ಮನೆಯಲ್ಲಿ ಒಬ್ಬರು ಸೇರುತ್ತಿದ್ದರು, ಪಿಯಾನೋ ಮುಂದೆ ಕೂತು ಬರೆದದ್ದನ್ನು ನುಡಿಸುತ್ತಿದ್ದರು, ಉಳಿದವರು ಸಾಲು ಸಾಲನ್ನೂ ಹಿಡಿದು ಅಳೆಯುತ್ತಿದ್ದರು. ಮುಖಸ್ತುತಿಗೆ ಅಲ್ಲಿ ಜಾಗವಿರಲಿಲ್ಲ. ರಿಮ್‌ಸ್ಕಿ-ಕೊರ್ಸಕೋವ್ ಸುಮಾರು ಮೂರು ವರ್ಷ ಹಡಗಿನ ಮೇಲೆ ಇರಬೇಕಾಗಿ ಬಂದಾಗಲೂ ಈ ಪಾಠ ನಿಲ್ಲಲಿಲ್ಲ. ಹಡಗು ಇಂಗ್ಲೆಂಡಿನ ದಡದಲ್ಲಿದ್ದಾಗ ತನ್ನ ಸಿಂಫನಿಯ ವಿಳಂಬ ಗತಿಯ ಭಾಗವನ್ನು ಬರೆದು ಅವನು ಅಂಚೆಯಲ್ಲಿ ಬಾಲಕಿರೆವ್‌ಗೆ ಕಳಿಸಿದ. 1865ರಲ್ಲಿ ಆ ಸಿಂಫನಿ ಕಚೇರಿಯಲ್ಲಿ ನುಡಿದಾಗ, ನಮಸ್ಕರಿಸಲು ವೇದಿಕೆಗೆ ಬಂದ 21ರ ಹುಡುಗ ನೌಕಾಪಡೆಯ ಸಮವಸ್ತ್ರದಲ್ಲಿದ್ದ! ಇಂದು ರಷ್ಯಾದ ಸಂಗೀತವೆಂದರೆ ಜಗತ್ತು ಮೊದಲು ನೆನೆಯುವ ಹೆಸರುಗಳಲ್ಲಿ ಈ ಹವ್ಯಾಸಿಗಳ ಹೆಸರೂ ಇದೆ.

ಆ ಕೂಟದಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಬಾಲಕಿರೆವ್ ತಪ್ಪು ತೋರಿಸಿ ಸುಮ್ಮನಾಗುವವನಾಗಿರಲಿಲ್ಲ, ತನಗೆ ಹಿಡಿಸಿದಂತೆಯೇ ಬರೆಯಬೇಕೆಂದು ಹಟ ಹಿಡಿಯುತ್ತಿದ್ದ. ಬರಬರುತ್ತ ಗೆಳೆಯರು ದೂರವಾದರು. ವಿಮರ್ಶೆ ಮಾಡುವವರು ಇದನ್ನು ಗಂಟುಹಾಕಿಕೊಳ್ಳಬೇಕು. ಸ್ನೇಹಿತನ ಸಂಗತಿ ಎಲ್ಲಿ ಸೊರಗಿತು ಎಂದು ಹೇಳಿ, ಅಲ್ಲಿ ನಿಮ್ಮ ಸಂಗತಿಯನ್ನು ನೆಡಬೇಡಿ. ಆದರೂ ಆ ಸ್ನೇಹದ ಬೇರು ಎಂಥದಿತ್ತು ನೋಡಿ: 1887ರಲ್ಲಿ ಬೊರೊಡಿನ್ ತೀರಿಕೊಂಡಾಗ ಅವನ ‘ಪ್ರಿನ್ಸ್ ಇಗೋರ್’ ಗೀತನಾಟಕ ಅರ್ಧಕ್ಕೇ ನಿಂತಿತ್ತು. ರಿಮ್‌ಸ್ಕಿ-ಕೊರ್ಸಕೋವ್ ತನ್ನ ಕೆಲಸ ಬದಿಗಿಟ್ಟು, ಗ್ಲಾಜುನೋವ್ ಎಂಬ ಕಿರಿಯನನ್ನು ಜೊತೆಗೆ ಹಾಕಿಕೊಂಡು ಅದನ್ನು ಪೂರ್ತಿಗೊಳಿಸಿದ. ಗೆಳೆಯನ ಹಾಡಿನ ಒಳಹೊರಗು ಬಲ್ಲವನು ಮಾತ್ರ ಮಾಡಬಹುದಾದ ಕೆಲಸವದು.

ರಷ್ಯಾ ದೂರದ ಮಾತು ಎನ್ನಬೇಡಿ. ಮೈಸೂರಿನ ಜಯಚಾಮರಾಜ ಒಡೆಯರು ಮೆಟ್ನರ್ ಎಂಬ ರಷ್ಯದ ಸಂಗೀತಕಾರನನ್ನು ಅವನ ಇಳಿವಯಸ್ಸಿನಲ್ಲಿ ಲಂಡನ್ನಿನಲ್ಲಿ ಪೊರೆದು, ಅವನ ರಚನೆಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಅವನು ತನ್ನ ಮೂರನೆಯ ಪಿಯಾನೋ ಕಾನ್ಚರ್ಟೊವನ್ನು ನಮ್ಮ ಮಹಾರಾಜರಿಗೆ ಅರ್ಪಿಸಿದ. ಪಿಯಾನೋದಲ್ಲಿ ಮುಳುಗಿದ್ದ ಅದೇ ಒಡೆಯರು ವಾಸುದೇವಾಚಾರ್ಯರ ಮುಂದೆ ಶಿಷ್ಯರಾಗಿ ಕೂತು, ‘ಶ್ರೀವಿದ್ಯಾ’ ಮುದ್ರಿಕೆಯಲ್ಲಿ 94 ಕೃತಿಗಳನ್ನು ಕಟ್ಟಿದರು. ರಾಜ್ಯಭಾರದ ನಡುವೆ! ಪರೀಕ್ಷೆ ಇದೆ, ಆಫೀಸಿದೆ ಎನ್ನುವ ನಮಗೆ ಇನ್ನು ಯಾವ ನೆಪ ಉಳಿಯಿತು?

ಧಾರವಾಡದ ಕಡೆಯ ತರುಣರೇ, ಇದು ನಿಮಗೂ ಸೇರಿದ ಮಾತು. ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಾಳವದ ಹಳ್ಳಿಯ ಹಾಡುಗಳಿಗೆ ಕಿವಿಗೊಟ್ಟು ಹೊಸ ರಾಗ, ಹೊಸ ಬಂದಿಶ್‌ಗಳನ್ನು ಕಟ್ಟಿ ‘ಅನೂಪರಾಗವಿಲಾಸ’ವೆಂದು ಪುಸ್ತಕ ಮಾಡಿದರು. ನಿಮ್ಮ ಊರಿನ ಬೀಸುವ ಕಲ್ಲಿನ ಪದಗಳಲ್ಲಿ, ಡೊಳ್ಳಿನ ಪದಗಳಲ್ಲಿ ಎಷ್ಟು ರಾಗಗಳು ಹೆಸರಿಲ್ಲದೆ ಕೂತಿವೆ? ಯಾರು ಹೋಗಿ ಕೇಳಬೇಕು?

ಇನ್ನು ನಮ್ಮ ಋಣದ ಮಾತು. ಪುರಂದರದಾಸರ ಪದಗಳ ಸಾಹಿತ್ಯ ಉಳಿದಿದೆ, ಅವರು ಹಾಡಿದ ಧಾಟಿ ಬಹುಮಟ್ಟಿಗೆ ಉಳಿದಿಲ್ಲ. ಇಂದು ನಾವು ಕೇಳುವ ದೇವರನಾಮಗಳಲ್ಲಿ ಬಹುಪಾಲಿಗೆ ಆಮೇಲಿನವರು ರಾಗ ಕೂಡಿಸಿದ್ದಾರೆ. ಕೂಡಿಸಿದವರು ಪುಣ್ಯವಂತರು. ಕೂಡಿಸದೆ ಉಳಿದದ್ದು ಎಷ್ಟು! ದಾಸಸಾಹಿತ್ಯದ ಸಂಪುಟ ತೆರೆಯಿರಿ, ವಚನಗಳ ಸಂಪುಟ ತೆರೆಯಿರಿ. ಪುಟ ಪುಟವೂ ಕಾದು ಕೂತಿದೆ. ಸಂಪ್ರದಾಯದ ಕಛೇರಿಗಳಲ್ಲಿ ತೆಲುಗು ಕೃತಿ ಕೇಳುತ್ತೇವೆ, ಸಂಸ್ಕೃತ ಕೃತಿ ಕೇಳುತ್ತೇವೆ, ಕನ್ನಡಕ್ಕೆ ಹೆಚ್ಚಾಗಿ ಕೊನೆಯಲ್ಲಿ ಒಂದು ದೇವರನಾಮದ ಜಾಗ. ತಮಿಳುನಾಡಿನ ಹರಿಕೇಶನಲ್ಲೂರಿನಿಂದ ಬಂದ ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಅಪೇಕ್ಷೆಯಂತೆ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿಗಳನ್ನು ಕೊಟ್ಟುಹೋದರು. ಹೊರಗಿನಿಂದ ಬಂದವರು ನೂರೆಂಟು ಕೊಟ್ಟರು. ಇಲ್ಲೇ ಹುಟ್ಟಿದ ನಾವು? ತೆಲುಗಿನ ಹಾಗೆ ಕನ್ನಡದ ಮಾತೂ ಸ್ವರದಲ್ಲಿ ಮುಗಿಯುತ್ತದೆ. ‘ನದಿ’ ಎನ್ನಿ, ‘ಮುಗಿಲು’ ಎನ್ನಿ, ‘ಕರುಣೆ’ ಎನ್ನಿ. ಪ್ರತಿ ಪದದ ಕೊನೆಯಲ್ಲೂ ನಾದಕ್ಕೆ ಬಾಗಿಲು ತೆರೆದೇ ಇದೆ. ನುಡಿ ಸಿದ್ಧವಾಗಿದೆ, ರಾಗ ಸಿದ್ಧವಾಗಿದೆ, ತಾಳ ಸಿದ್ಧವಾಗಿದೆ. ನೀವು?

ಮೊದಲ ಕೃತಿ ಚೆನ್ನಾಗಿರಲಿಕ್ಕಿಲ್ಲ. ಇರಬೇಕಾಗಿಯೂ ಇಲ್ಲ. ಚರಣ ಉದ್ದವಾದೀತು, ಪದ ಒಡೆದೀತು, ಚಿಟ್ಟೆಸ್ವರ ಎಲ್ಲೋ ಕೇಳಿದ ಹಾಗಿದ್ದೀತು. ಸ್ನೇಹಿತರು ಹೇಳಲಿ. ಹೇಳಿದ್ದನ್ನು ಬರೆದುಕೊಳ್ಳಿ. ಒಪ್ಪುವುದನ್ನು ತಿದ್ದಿ, ಒಪ್ಪದ್ದನ್ನು ವಿನಯದಿಂದ ಹಾಗೆಯೇ ಬಿಡಿ, ಮತ್ತೆ ಹಾಡಿ. ಕೇಳುವವರಿಗೂ ಒಂದು ಮಾತು: ‘ತುಂಬಾ ಚೆನ್ನಾಗಿದೆ’ ಎಂದು ಚಪ್ಪಾಳೆ ತಟ್ಟಿ ಎದ್ದುಹೋಗುವುದು ಸ್ನೇಹವಲ್ಲ, ಸೋಮಾರಿತನ. ಎರಡು ಸಲ ಕೇಳಿ. ತಾಳ ಹಾಕಿಕೊಂಡು ಕೇಳಿ. ಎಲ್ಲಿ ಮನಸ್ಸು ನಿಂತಿತು, ಎಲ್ಲಿ ಜಾರಿತು ಎಂದು ಸ್ವರ ಹಿಡಿದು ಹೇಳಿ.

ಈ ಭಾನುವಾರ ನಾಲ್ಕು ಜನರನ್ನು ಮನೆಗೆ ಕರೆಯಿರಿ. ಒಂದು ಚಾಪೆ, ಒಂದು ಶ್ರುತಿಪೆಟ್ಟಿಗೆ, ಬಂದವರಿಗೆ ಒಂದು ಲೋಟ ಕಾಫಿ. ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ಮುಂದಿಟ್ಟುಕೊಳ್ಳಿ. ನಿಮ್ಮದೊಂದು ಹಾಡಿ.