ದೊಡ್ಡವರಿಗೂ ಒಂದು ಸ್ಕೇಟಿಂಗ್ ಬ್ಯಾಚ್ ಬೇಕು

ಇವತ್ತು ದುಡ್ಡು, ಕೆಲಸ, ಇಎಂಐ ಯಾವುದೂ ಇಲ್ಲ. ಇವತ್ತು ಸ್ಕೇಟಿಂಗ್. ದೊಡ್ಡವರಾದ ಮೇಲೆ ಕ್ಲಾಸಿಗೆ ಸೇರಿ, ವಾರ ವಾರ ತಪ್ಪದೆ ಹೋಗಿ ಫಿಗರ್ ಸ್ಕೇಟಿಂಗ್ ಕಲಿಯೋದರ ಬಗ್ಗೆ ಮಾತಾಡೋಣ.

'ಸಾರಕ್ಕಿಯಲ್ಲಿ ಐಸ್ ಎಲ್ಲಿದೆ?' ಅಂತ ಕೇಳ್ತೀರ. ಇಲ್ಲ. ಒಲಿಂಪಿಕ್ ಅಳತೆಯ ಒಳಾಂಗಣ ಐಸ್ ರಿಂಕ್ ಬೇಕು ಅಂದ್ರೆ ಡೆಹ್ರಾಡೂನ್‌ಗೆ ಹೋಗಬೇಕು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ್ದು ಅದು. ನಮ್ಮ ಏರಿಯಾದಲ್ಲಿ ಇರೋದು ಗಾಲಿ. ಮುಂದೆ ಎರಡು, ಹಿಂದೆ ಎರಡು ಗಾಲಿ ಇರೋ ಕ್ವಾಡ್ ಸ್ಕೇಟ್. ಇದರಲ್ಲಿ ಮಾಡೋ ಫಿಗರ್ ಸ್ಕೇಟಿಂಗ್‌ಗೆ ಆರ್ಟಿಸ್ಟಿಕ್ ಸ್ಕೇಟಿಂಗ್ ಅಂತಾರೆ. ಐಸ್ ಇಲ್ಲ ಅಂತ ಮಾಡಿಕೊಂಡ ಅಡ್ಜಸ್ಟ್‌ಮೆಂಟ್ ಅಲ್ಲ ಇದು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮಾ ಇದರಲ್ಲೇ ಕಂಚು ಗೆದ್ದರು. ಅವನಿ ಪಂಚಾಲ್ ಜೊತೆ ಜೋಡಿ ವಿಭಾಗದಲ್ಲಿ ಇನ್ನೊಂದು ಕಂಚು.

ಗಾಲಿಗೂ ಐಸ್‌ಗೂ ಏನು ಸಂಬಂಧ? 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಅನ್ನೋರು ಗಾಲಿಗಳಿಗೂ ಪಾದದ ಪಟ್ಟಿಗೂ ನಡುವೆ ರಬ್ಬರ್ ಇಟ್ಟು ಒಂದು ಸ್ಕೇಟ್ ಮಾಡಿದರು. ನೀವು ಯಾವ ಕಡೆ ವಾಲ್ತೀರೋ ಗಾಲಿ ಆ ಕಡೆ ತಿರುಗುತ್ತೆ. ಐಸ್ ಮೇಲೆ ಬ್ಲೇಡಿನ ಒಳ ಎಡ್ಜ್, ಹೊರ ಎಡ್ಜ್ ಮಾಡೋ ಕೆಲಸವೇ ಇದು. ಥ್ರೀ ಟರ್ನ್, ಸ್ಪಿನ್, ಜಂಪ್ ಎಲ್ಲ ನಿಂತಿರೋದು ಈ ವಾಲೋದರ ಮೇಲೆ.

ದೊಡ್ಡವರಿಗೆ ಕಷ್ಟ ಆಗೋದೂ ಇಲ್ಲೇ. ನಮ್ಮ ಕೋಚ್ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೀತಾರೆ. ಒಂದೇ ಕಾಲಲ್ಲಿ ಆ ಗೆರೆ ಬಿಡದೆ ಹೋಗಬೇಕು. ವೃತ್ತದ ಒಳಕ್ಕೆ ವಾಲಿದರೆ ಗೆರೆ ಸಿಗುತ್ತೆ. ಭಯ ಬಿದ್ದು ನೆಟ್ಟಗಾದ್ರೆ ಗಾಲಿಯೂ ನೆಟ್ಟಗೆ ಹೋಗಿ ಬೇಲಿಗೆ ಬಡಿಯುತ್ತೆ. ಏಳು ವರ್ಷದ ಮಗು ಯೋಚನೆ ಮಾಡದೆ ವಾಲುತ್ತೆ. ಬಿದ್ದರೂ ನೆಲ ಹತ್ತಿರ ಇದೆ. ನಮಗೆ ನೆಲ ದೂರ, ಯೋಚನೆ ಜಾಸ್ತಿ. ನನ್ನ ಸಂಪಾದನೆ ಇರೋದೇ ಎಡಿಟ್ ಮಾಡೋ ಕೈಯಲ್ಲಿ. ಮಣಿಕಟ್ಟು ಮುರಿದರೆ ಆ ತಿಂಗಳ ಬಾಡಿಗೆ ಹೋಯ್ತು ಅಂತ ಲೆಕ್ಕ. ಸಿಕ್ ಲೀವ್ ಕೊಡೋಕೆ ನನಗೆ ಬಾಸ್ ಇಲ್ಲ.

ಅದಕ್ಕೇ ಮೊದಲನೇ ಪಾಠ ಬೀಳೋದು. ಮಂಡಿ ಮಡಿಸಿ, ಪಕ್ಕಕ್ಕೆ ಕೂತ ಹಾಗೆ ಇಳಿಯಬೇಕು. ಕೈ ಹಿಂದಕ್ಕೆ ಊರಬಾರದು. ಬಿದ್ದ ತಕ್ಷಣ ಬೆರಳು ಮುಷ್ಟಿ ಮಾಡಬೇಕು, ಇಲ್ಲಾಂದ್ರೆ ಹಿಂದೆ ಬರೋರ ಗಾಲಿ ಹತ್ತುತ್ತೆ. ಹೆಲ್ಮೆಟ್, ಮಂಡಿಗೆ ಪ್ಯಾಡ್, ಮಣಿಕಟ್ಟಿಗೆ ಗಾರ್ಡ್, ಈ ಮೂರೂ ಇಲ್ಲದೆ ಕೋರ್ಟಿಗೆ ಇಳೀಬೇಡಿ.

ಹತ್ತು ತಿಂಗಳಾಯ್ತು, ಬುಧವಾರ ಮತ್ತು ಶನಿವಾರ, ಮುಕ್ಕಾಲು ಗಂಟೆ ಕ್ಲಾಸ್. ಬಿಕಾಂ ಓದಿದವಳು, ಲೆಕ್ಕ ಇಡದೆ ಇರೋಕಾಗಲ್ಲ. ಸುಮಾರು 60 ಗಂಟೆ. ಅದರಲ್ಲಿ ಬಂದದ್ದು ಹಿಂದಕ್ಕೆ ಹೋಗೋದು, ಎರಡೂ ಎಡ್ಜ್, ಬಲಗಾಲಿನ ಥ್ರೀ ಟರ್ನ್, ಅರ್ಧ ಸುತ್ತಿನ ಒಂದು ವಾಲ್ಟ್ಜ್ ಜಂಪ್. ಎಡಗಾಲು ಇನ್ನೂ ಕೇಳ್ತಿಲ್ಲ. ಕಮ್ಮಿ ಅನ್ಸುತ್ತಾ? ಇರಬಹುದು. ಆದರೆ ಬುಧವಾರ ಬರದೇ ಇದ್ದದ್ದು ಶನಿವಾರ ತಾನಾಗೇ ಬರುತ್ತೆ. ಹದಿನೈದು ದಿನ ಬಿಟ್ಟರೆ ಮೈ ಮರೆತುಬಿಡುತ್ತೆ.

ಇದು ನನಗೆ ಅರ್ಥ ಆಗಿದ್ದು ನಮ್ಮ ಬ್ಯಾಚಿನ ಒಬ್ಬ ಅಕ್ಕನಿಂದ. ಬ್ಯಾಂಕ್ ಉದ್ಯೋಗಿ, ನಲವತ್ತು ದಾಟಿದ್ದಾರೆ. ನಮ್ಮ ಬ್ಯಾಚ್ ಇರೋದು ಮಕ್ಕಳಿಗೋಸ್ಕರ, ಸಂಜೆ ನಾಲ್ಕೂವರೆಗೆ. ಅಕ್ಕನಿಗೆ ಬರೋಕಾಗ್ತಿದ್ದದ್ದು ಬ್ಯಾಂಕಿಗೆ ರಜೆ ಇರೋ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ. ಪ್ರತಿ ಸಲ ಮೊದಲಿಂದ ಶುರು. ಮನೆಯಲ್ಲಿ 'ಮಂಡಿಗೆ ಏನಾದ್ರೂ ಆದ್ರೆ ಯಾರು ನೋಡ್ಕೋತಾರೆ?' ಅಂತ ಕೇಳ್ತಿದ್ರಂತೆ. ಅಕ್ಕ ಅದಕ್ಕೆ ಹೆದರಲಿಲ್ಲ. 'ಬೀಳೋದು ಕಲಿತೆ ಕಣೇ, ಆದ್ರೆ ನಾಲ್ಕೂವರೆಗೆ ಕೌಂಟರ್ ಬಿಟ್ಟು ಹೇಗೆ ಬರ್ಲಿ?' ಅಂದ್ರು. ಹೋದ ತಿಂಗಳು ಬಿಟ್ಟೇಬಿಟ್ರು.

ದೊಡ್ಡವರಿಗೆ ಧೈರ್ಯ ಇಲ್ಲ ಅಂತೀವಿ. ನಿಜವಾಗಿ ಇಲ್ಲದೇ ಇರೋದು ಟೈಮಿಂಗ್. ಜರ್ಮನಿಯ ಓಬರ್‌ಸ್ಟ್‌ಡಾರ್ಫ್‌ನಲ್ಲಿ 2005ರಿಂದ ವಯಸ್ಕರ ಅಂತಾರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಸ್ಪರ್ಧೆ ನಡೀತಿದೆ. ಸೇರೋಕೆ 28 ವರ್ಷ ತುಂಬಿರಬೇಕು. ನನಗೀಗ 28. ನಮ್ಮ ಬ್ಯಾಚಲ್ಲಿ ಮಕ್ಕಳು ನನ್ನನ್ನ ಆಂಟಿ ಅಂತಾವೆ, ಅಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವಳು!

ಕೋಚ್‌ನ ಕೇಳಿದೆ. 'ಐದು ಜನ ಆದ್ರೆ ಸಂಜೆ ಏಳೂವರೆಗೆ ಕೋರ್ಟ್ ಬಾಡಿಗೆಗೆ ತಗೋತೀನಿ, ಕಮ್ಮಿ ಆದ್ರೆ ಕೈಯಿಂದ ಹೋಗುತ್ತಮ್ಮ' ಅಂದ್ರು. ಅದೂ ನ್ಯಾಯವೇ. ಈಗ ಮೂರು ಜನ ಇದೀವಿ. ಬ್ಯಾಚ್ ಶುರುವಾದ್ರೆ ಅಕ್ಕನೂ ವಾಪಸ್ ಬರ್ತಾರೆ. ಇನ್ನೊಬ್ಬರು ಬೇಕು. ಸಾರಕ್ಕಿ, ಜೆಪಿ ನಗರ, ಬನಶಂಕರಿ ಕಡೆಯವರು ಯಾರಾದ್ರೂ ಇದ್ರೆ ನನಗೆ ಮೆಸೇಜ್ ಮಾಡಿ. ಬೇರೆ ಊರವರಾದ್ರೆ ನಿಮ್ಮ ಹತ್ತಿರದ ಕ್ಲಾಸಿಗೆ ಹೋಗಿ, 'ದೊಡ್ಡವರಿಗೆ ಎಷ್ಟು ಗಂಟೆಗೆ?' ಅಂತ ಕೇಳಿ. ಕೇಳೋರು ಇದ್ರೆ ತಾನೇ ಅವರೂ ಟೈಮ್ ಇಡೋದು.

ಐದನೆಯವರು ಸಿಕ್ಕರಾ ಅಂತ ಮುಂದಿನ ವಾರ ಹೇಳ್ತೀನಿ. ಅಲ್ಲಿವರೆಗೂ ಹುಷಾರಾಗಿರಿ, ನಮಸ್ಕಾರ.