ಕರ್ರ್ ಎಂದದ್ದು ಯಾರು?

ಮಕ್ಕಳೇ, ಮನೆಯಲ್ಲಿರುವ ಎರಡು ಬಾಚಣಿಗೆ ತನ್ನಿ. ಒಂದನ್ನು ಹಲ್ಲು ಮೇಲಾಗಿ ಹಿಡಿದು, ಇನ್ನೊಂದರ ಹಲ್ಲನ್ನು ಅದರ ಮೇಲೆ ಎಳೆಯಿರಿ. ಕರ್ರ್! ಈಗ ಎರಡನ್ನೂ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸರಿಸುತ್ತಾ ಹತ್ತಿರ ತನ್ನಿ. ಸಂದಿಗೆ ಹಲ್ಲು ಸದ್ದಿಲ್ಲದೆ ಕೂತುಬಿಡುತ್ತದೆ.

ಮಡಿಕೇರಿ ಕಡೆಯಿಂದ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪು ಹತ್ತುವಾಗಲೂ ಒಮ್ಮೊಮ್ಮೆ ಇದೇ ಸದ್ದು ಕೇಳುತ್ತದೆ. ಕಲ್ಲು, ಕೆಸರು, ಕಡಿದಾದ ಏರು. ಡ್ರೈವರಣ್ಣನ ಎಡಗೈ ಗೇರ್ ರಾಡ್ ಬಿಟ್ಟು ಕದಲುವುದಿಲ್ಲ. ಏರಿನಲ್ಲಿ ಚಕ್ರಕ್ಕೆ ಬಲ ಬೇಕು, ಸಮತಟ್ಟಿನಲ್ಲಿ ವೇಗ ಬೇಕು. ಅದಕ್ಕೇ ಪದೇ ಪದೇ ಗೇರು ಬದಲಿಸುವುದು.

ಗೇರ್ ಬಾಕ್ಸಿನೊಳಗೆ ಕೆಲವು ಭಾಗಗಳು ಎಂಜಿನ್ ತಿರುಗಿಸಿದಂತೆ ತಿರುಗುತ್ತವೆ, ಕೆಲವು ಚಕ್ರಗಳ ಜೊತೆ ತಿರುಗುತ್ತವೆ. ಎರಡರ ವೇಗ ಬೇರೆ ಬೇರೆ. ಹಾಗೇ ಹಲ್ಲು ಕೂಡಿಸಲು ಹೋದರೆ ಕರ್ರ್! ಇದನ್ನು ತಪ್ಪಿಸಲು ಇಬ್ಬರು ಸಹಾಯಕರಿದ್ದಾರೆ. ಮೊದಲನೆಯವನು ಕ್ಲಚ್ಚು. ಪೆಡಲ್ ತುಳಿದರೆ ಎಂಜಿನ್ನು ಗೇರ್ ಬಾಕ್ಸಿನ ಕೈ ಬಿಡುತ್ತದೆ. ಎರಡನೆಯವನು ಸಿಂಕ್ರೊ ರಿಂಗ್, ಹೆಚ್ಚಾಗಿ ಹಿತ್ತಾಳೆಯ ಬಳೆ. ಒಳಗೆಲ್ಲ ಸಣ್ಣ ಗೀರುಗಳು. ಹಲ್ಲಿಗೆ ಹಲ್ಲು ತಾಗುವ ಮೊದಲೇ ಈ ಬಳೆ ಹೋಗಿ ಒತ್ತಿ ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ.

ಕಾರಿಗೆ ಈ ಉಪಾಯ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್‌ನಲ್ಲಿ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಮೂರು ಗೇರು. ಎರಡನೆಯದಕ್ಕೂ ಮೂರನೆಯದಕ್ಕೂ ಬಳೆ ಇತ್ತು, ಮೊದಲನೆಯದಕ್ಕೆ ಇರಲಿಲ್ಲ. ಓಡುತ್ತಲೇ ಮೊದಲ ಗೇರಿಗೆ ಇಳಿಸಬೇಕೆಂದರೆ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಗೇರು ಹಾಕಬೇಕಿತ್ತು. ಇದೇ ‘ಡಬಲ್ ಕ್ಲಚ್’. ಬಳೆ ಮಾಡುವ ಕೆಲಸವನ್ನು ಡ್ರೈವರ್ ಕಾಲಿನಲ್ಲೇ ಮಾಡುತ್ತಿದ್ದ!

ಸರಿ, ಗೇರು ಒರಟಾಯಿತು. ಕಳ್ಳ ಯಾರು? ಜಾಣ ಮೆಕ್ಯಾನಿಕ್ ತಕ್ಷಣ ಸ್ಪಾನರ್ ಹಿಡಿಯುವುದಿಲ್ಲ. ಮೊದಲು ಎಂಜಿನ್ ಆಫ್ ಮಾಡಿ ಗೇರು ಹಾಕಿ ನೋಡುತ್ತಾನೆ. ಆಗ ಎಲ್ಲವೂ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ತಕರಾರು ಮಾಡಿದರೆ ಅನುಮಾನ ಕ್ಲಚ್ಚಿನ ಮೇಲೆ. ಕೇಬಲ್ ಸಡಿಲವಾಗಿರಬಹುದು, ಪೈಪಿನ ಎಣ್ಣೆ ಕಡಿಮೆಯಾಗಿರಬಹುದು. ತುಳಿದರೂ ಎಂಜಿನ್ನು ಪೂರ್ತಿ ಕೈ ಬಿಡುತ್ತಿಲ್ಲ. ಒಂದೇ ಗೇರು, ಉದಾಹರಣೆಗೆ ಎರಡನೆಯದು ಮಾತ್ರ ಕರ್ರ್ ಎಂದರೆ ಆ ಗೇರಿನ ಬಳೆ ಸವೆದಿರಬಹುದು. ಬೆಳಗಿನ ಚಳಿಯಲ್ಲಿ ಎಲ್ಲವೂ ಬಿಗಿಯಾಗಿದ್ದು, ಸ್ವಲ್ಪ ದೂರ ಓಡಿದ ಮೇಲೆ ಸರಿಹೋದರೆ, ತಣ್ಣಗಾದ ಗೇರ್ ಆಯಿಲ್ ಮಂದವಾಗಿತ್ತು ಎಂದರ್ಥ.

ಹಳ್ಳ ದಾಟುವ ಜೀಪಿಗೆ ಇನ್ನೊಂದು ಪರೀಕ್ಷೆ ಇದೆ. ಗೇರ್ ಬಾಕ್ಸಿನ ಬೋಲ್ಟ್ ಬಿಚ್ಚಿ ಆಯಿಲ್ ಬಣ್ಣ ನೋಡುವುದು. ಹಾಲು ಹಾಕಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ. ಅದನ್ನು ಚೆಲ್ಲಿ ಹೊಸ ಆಯಿಲ್ ತುಂಬಿಸುವುದಷ್ಟೇ ಸಾಲದು. ನೀರು ಎಲ್ಲಿಂದ ನುಗ್ಗಿತೆಂದೂ ಹುಡುಕಬೇಕು.

ಇನ್ನೊಮ್ಮೆ ಜೀಪು ಕರ್ರ್ ಎಂದಾಗ ಕಿವಿ ಮುಚ್ಚಿಕೊಳ್ಳಬೇಡಿ. ಯಾವ ಗೇರಿಗೆ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ ಎಂದು ಗಮನಿಸಿ ಡ್ರೈವರಣ್ಣನಿಗೆ ಹೇಳಿ. ಅರ್ಧ ರಿಪೇರಿ ಅಲ್ಲೇ ಮುಗಿದಿರುತ್ತದೆ.